ನಿನ್ನೆಗಿಂತ ವಾಸಿ

ಮುದಿ ಆನೆಗೆ ವರ್ಷಗಳಿಂದ ಮಂಡಿನೋವು. ಕೋತಿ ಸೊಪ್ಪು ಕಟ್ಟಿತು, ಎಮ್ಮೆ ಕೆಸರಿನಲ್ಲಿ ಮಲಗಿಸಿತು, ಗೊರವಂಕ ಹಕ್ಕಿ ನಡೆ ನಡೆ ಎಂದು ಗದರಿತು. ನೋವು ಹೋಗಲಿಲ್ಲ. ಮೂರೂ ಒಂದನ್ನೊಂದು ದೂರಿದವು.

ಆಗ ಆಮೆ ಆನೆಯನ್ನೇ ಕೇಳಿತು: "ನಿನಗೇನು ಬೇಕು, ಅಜ್ಜಿ?"

"ನನ್ನ ಕಾಲಲ್ಲೇ ನಡೆದು ಹೊಳೆಗೆ ಹೋಗಬೇಕು."

ಅಂದಿನಿಂದ ಎಲ್ಲವೂ ಕೂತು ಮಾತಾಡಿಕೊಂಡೇ ಕೆಲಸಕ್ಕಿಳಿದವು. ಎಮ್ಮೆ ತೋರಿಸಿದ ಬೆಚ್ಚನೆ ಕೆಸರಿನಲ್ಲಿ ಮಂಡಿ ಸಡಿಲವಾದ ಮೇಲೆ ಕೋತಿ ಸೊಪ್ಪು ಕಟ್ಟುತ್ತಿತ್ತು. ಆಮೇಲೆ ಗೊರವಂಕ ಮುಂದೆ ಹಾರುತ್ತ, ಆನೆ ದಣಿದಲ್ಲಿ ತಾನೂ ಕೂರುತ್ತಿತ್ತು.

ಆನೆ ಹೊಳೆ ಮುಟ್ಟಿದ ದಿನ ನರಿ ಕೇಳಿತು: "ನೋವು ವಾಸಿಯಾಯಿತೇ? ಯಾರ ಮದ್ದು ಹಿಡಿಯಿತು?"

"ವಾಸಿಯಾಗಿಲ್ಲ, ನಿನ್ನೆಗಿಂತ ವಾಸಿ," ಎಂದಿತು ಆನೆ. "ಒಬ್ಬರ ಮದ್ದಲ್ಲ. ಮದ್ದು ಮಾಡಿದ ನಮ್ಮವರೆಲ್ಲ ಹಿಂದೆಯೇ ಬರುತ್ತಿದ್ದಾರೆ, ದಾರಿ ಬಿಡು."