ಜಾರಿದ ಬೊಟ್ಟು

ಇಂಡಕ್ಷನ್ ಒಲೆಯ ಮೇಲೆ ಮಿನುಗುವ ಅಂಕಿಗಳೆಂದರೆ ಪುಟ್ಟನಂಜಮ್ಮಜ್ಜಿಗೆ ದಿಗಿಲು. ಅದಕ್ಕೇ ಆರಿಸುವ ಗುಂಡಿಯ ಮೇಲೆ ತನ್ನ ಹಣೆಯ ಕೆಂಪು ಸ್ಟಿಕರ್ ಬೊಟ್ಟನ್ನು ಗುರುತಿಗೆಂದು ಅಂಟಿಸಿದ್ದಳು.

"ಅಜ್ಜಿ ನಂಬುವುದು ನನ್ನನ್ನೇ," ಎಂದು ಬೊಟ್ಟು ಒಲೆಯೆದುರು ಬೀಗುತ್ತಿತ್ತು.

ಒಂದು ದಿನ ಹಪ್ಪಳ ಕರಿಯುವಾಗ ಎಣ್ಣೆಯ ಜಿಡ್ಡಿಗೆ ಬೊಟ್ಟು ಜಾರಿ, ಪಕ್ಕದಲ್ಲಿದ್ದ ಶಾಖ ಹೆಚ್ಚಿಸುವ ಗುಂಡಿಯ ಮೇಲೆ ನಿಂತಿತು. ಕರಿದು ಮುಗಿಸಿದ ಅಜ್ಜಿ ಬೊಟ್ಟನ್ನೇ ಒತ್ತಿದಳು. ಬಾಣಲೆ ಹೊಗೆಯಾಡತೊಡಗಿತು.

"ಇದೇನವ್ವಾ, ಆರಿಸಿದಷ್ಟೂ ಕಾಯ್ತದಲ್ಲ!" ಎನ್ನುತ್ತ ಮತ್ತೆ ಮತ್ತೆ ಒತ್ತಿದಳು.

"ಅವಳಿಗೆ ಕೂಗಿ ಹೇಳು!" ಎಂದಿತು ಬೊಟ್ಟು.

"ಅಂಕಿ ತೋರಿಸಿ ಕೂಗುತ್ತಲೇ ಇದ್ದೇನೆ. ಅವಳು ನನ್ನ ಮುಖ ನೋಡುವುದಿಲ್ಲ. ನೀನೇ ಹೇಳು," ಎಂದಿತು ಒಲೆ.

"ನನ್ನ ಜಾಗವೇ ನನ್ನ ಮಾತು. ಅದೇ ತಪ್ಪಿಹೋಗಿದೆ."

"ಹಾಗಾದರೆ ಬಿದ್ದುಬಿಡು."

"ಬಿದ್ದರೆ ನಾನು ಕಸ!"

"ಬೀಳದಿದ್ದರೆ ಅವಳು ಬೂದಿ."

ಬೊಟ್ಟು ಅಂಟು ಬಿಟ್ಟು ನೆಲಕ್ಕೆ ಉದುರಿತು. ಒತ್ತಲು ಗುರುತೇ ಕಾಣದೆ ಬೆದರಿದ ಅಜ್ಜಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟಳು.

ಮರುದಿನ ಒಲೆ ಒರೆಸಿ, ಆರಿಸುವ ಗುಂಡಿಯ ಮೇಲೆ ಹೊಸ ಬೊಟ್ಟು ಅಂಟಿಸಿದಳು.

"ಅಜ್ಜಿ ನಂಬುವುದು ನನ್ನನ್ನೇ," ಎಂದಿತು ಅದು.

ಒಲೆ ಬಾಣಲೆಗೆ ಎಣ್ಣೆ ಬೀಳುವುದನ್ನೇ ನೋಡುತ್ತಿತ್ತು.