ರಾಚ ಜೀಪಿಗೆ ಕೋವಿ ಹಾಕಿದ ಕತೆ

ಹೂಂಗುಟ್ಟೋರು ಗಟ್ಟಿಯಾಗಿ ಹೂಂಗುಟ್ಟಿ, ನಗು ಬಂದೋರು ತಡ್ಕೋಬೇಡಿ. ಇದು ಜಾಣರ ಕತೆ ಅಲ್ಲ. ಜಾಣರ ಕತೆ ಬೇಕಾದ್ರೆ ಪಕ್ಕದ ಬೀದಿಗೆ ಹೋಗಿ, ಅಲ್ಲಿ ಎಲ್ಲರೂ ಜಾಣರೇ.

ಕಾರೆಗುಡ್ಡ ಅಂತ ಒಂದು ಕಾಡಂಚಿನ ಊರು. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ, ಆ ತಾಯಿಗೆ ರಾಚ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು. ಮೈ ನೋಡಿದ್ರೆ ಕೋಣ, ಮನಸ್ಸು ನೋಡಿದ್ರೆ ಬೆಣ್ಣೆ, ತಲೆ ಮಾತ್ರ... ಬಿಡಿ, ಹೆತ್ತವಳು ಕೇಳಿಸ್ಕೊಂಡಾಳು. ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಹಾಲು ನೋಡ್ತಿರ್ಲಾ" ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾನೇ ಇರೋನು. ಬೈದ್ರೆ, "ನೋಡಿದ್ನಲ್ಲವ್ವ! ಆದ್ರೆ ಅದು ಯಾಕೆ ಉಕ್ಕಿದ್ದು? ನೀರು ಉಕ್ಕಾಕಿಲ್ವಲ್ಲ?" ಅಂತ ಅವಳನ್ನೇ ಕೇಳೋನು. ಕಂಡಿದ್ದೆಲ್ಲ ಅವನಿಗೆ ಸೋಜಿಗ.

ಚಿಕ್ಕತಾಯಮ್ಮ ಹಣೆ ಚಚ್ಕೊಳ್ಳೋಳು. "ಅಯ್ಯೋ ನನ್ನ ಕಂದಾ, ನಾ ಕಣ್ಮುಚ್ಚಿದ್ರೆ ನಿಂಗ್ಯಾರ್ಲಾ ಗತಿ? ಒಂದು ಕೆಲ್ಸ ಅಂತ ನಿಂಗೆ ಗಟ್ಟಿ ಆಗೋದು ನೋಡ್ದೆ ನನ್ನ ಜೀವ ಹೋಗಾಕಿಲ್ಲ ಕಣ್ಲಾ!" ಆ ಒಂದೇ ಚಿಂತೆ ಅವಳಿಗೆ. ಉಣ್ಣುವಾಗ ಅದೇ, ಮಲಗುವಾಗ ಅದೇ.

ಊರಾಚೆ ಕಾಡು ಕಾಯೋರ ಕ್ಯಾಂಪು ಇತ್ತು. ಅಲ್ಲಿಗೆ ರೇಂಜರ್ ಬೋಪಣ್ಣನೋರು ಸಾಹೇಬರು, ಜೀಪು ಓಡಿಸೋಕೆ ಇನಾಯತ್ ಸಾಬಿ. ಚಿಕ್ಕತಾಯಮ್ಮ ಹೋಗಿ ಕಾಲು ಹಿಡಿದಳು. ರೇಂಜರ್ ಅಂದ್ರು: "ಸರಿ ತಾಯಿ, ಒಂದು ವಾರ ನೋಡ್ತೀನಿ. ಸರಿಹೋದ್ರೆ ಇಟ್ಕೋತೀನಿ, ಇಲ್ಲಾಂದ್ರೆ ಇಲ್ಲ. ಕೆಲಸ ಇಷ್ಟೇ. ನಮ್ಮ ಹತ್ರ ಒಂದು ಕೋವಿ ಇದೆ. ಯಾರನ್ನೂ ಕೊಲ್ಲೋಕಲ್ಲ, ಗಾಳಿಗೆ ಹೊಡೆದು ಆನೆ ಬೆದರಿಸೋಕೆ. ತೋಟಾ ನನ್ನ ಸೊಂಟದಲ್ಲಿರುತ್ತೆ, ಕೋವಿ ಜೀಪಲ್ಲಿರುತ್ತೆ. ಜೀಪಲ್ಲಿ ಆ ಬರೀ ಕೋವಿ ನೋಡ್ಕೊಳ್ಳೋದು ಇವನ ಕೆಲಸ."

ಚಿಕ್ಕತಾಯಮ್ಮ ಮಗನ ಕಿವಿ ಹಿಡಿದು ಹೇಳಿದಳು: "ಅವರು ಹೇಳಿದ್ದನ್ನ ಹೇಳಿದಂಗೇ ಮಾಡ್ಲಾ. ಒಂದು ಹೆಚ್ಚು ಬ್ಯಾಡ, ಒಂದು ಕಮ್ಮಿ ಬ್ಯಾಡ."

"ಹೂಂ ಕಣವ್ವ" ಅಂದ ರಾಚ. ಅಲ್ಲಿಗೆ ಮುಗೀತು ನೋಡಿ!

ಮೊದಲ ದಿನ ರೇಂಜರ್ ಅಂದ್ರು: "ರಾಚ, ಕೋವೀನ ಜೀಪಿಗೆ ಹಾಕು."

ಹಾಕು ಅಂದ್ರಲ್ಲ, ಹಾಕಿದ. ಸೌದೆ ಹಾಕಿದಂಗೆ ದಡ್ ಅಂತ ಹಿಂದಕ್ಕೆ ಹಾಕಿ ತಾನೂ ಹತ್ತಿ ಕೂತ. ಜೀಪೋ ಅಜ್ಜಿ ಕಾಲದ್ದು, ತಳದಲ್ಲಿ ಒಂದು ದೊಡ್ಡ ತೂತು. ಹಳ್ಳ ಹಾರಿತು ಜೀಪು, ಕೋವಿ ಆ ಕಡೆ ಉರುಳ್ತು. ದಿಣ್ಣೆ ಹತ್ತಿತು ಜೀಪು, ಕೋವಿ ಈ ಕಡೆ ಉರುಳ್ತು. ಉರುಳಿ ಉರುಳಿ ಅದರ ಮೂತಿ ತೂತಿನೊಳಗೆ ಇಳೀತು. ಇಳಿದು ನೆಲ ಮುಟ್ಟಿತು. ಮುಟ್ಟಿ ದಾರಿಯುದ್ದಕ್ಕೂ ಗೀರಿಕೊಂಡು ಬಂತು. ರಾಚ ಬಗ್ಗಿ ಬಗ್ಗಿ ನೋಡಿದ. "ಆಹಾ, ಎಷ್ಟು ನೆಟ್ಟಗೆ ಸಾಲು ಬೀಳ್ತದೆ! ನಮ್ಮೂರ ಯಾವ ಆರಂಬಗಾರನೂ ಹಿಂಗೆ ಉಳಾಕಿಲ್ಲ!"

ವಾಪಸ್ಸು ಬರುವಾಗ ರೇಂಜರ್ ಕೇಳಿದ್ರು: "ಈ ದಾರಿ ಉತ್ತೋರು ಯಾರು?"

"ನಮ್ಮ ಕೋವಿ ಸ್ವಾಮಿ!"

ಮೂತಿ ತುಂಬ ಕೆಮ್ಮಣ್ಣು! ರೇಂಜರ್ ಕಿರುಚಿದ್ರು: "ಅಯ್ಯೋ ಮಾರಾಯ! ಕೋವಿ ಅಂದ್ರೆ ಸೌದೆ ತುಂಡೇನೋ? ಹಸುಗೂಸು ನೋಡ್ಕೊಂಡಂಗೆ ನೋಡ್ಕೋಬೇಕು! ಹಸುಗೂಸು! ತಿಳೀತಾ?"

"ತಿಳೀತು ಸ್ವಾಮಿ."

ಸಂಜೆ ಮನೆಗೆ ಬಂದವನು ಕೇಳಿದ: "ಅವ್ವ, ಹಸುಗೂಸನ್ನ ಹೆಂಗವ್ವ ನೋಡ್ಕೊಳ್ಳೋದು?"

ಚಿಕ್ಕತಾಯಮ್ಮನಿಗೆ ಎದೆ ತುಂಬಿ ಬಂತು. ಸದ್ಯ, ಮಗನಿಗೆ ಮದುವೆ ಆಸೆ ಹುಟ್ಟಿತು ಅಂದ್ಕೊಂಡಳು. ಕಾಲು ನೀಡಿ ಕೂತು ಎಲ್ಲ ಹೇಳಿದಳು. ಎಣ್ಣೆ ತಿಕ್ಕೋದು, ಬಿಸಿನೀರು ಹುಯ್ಯೋದು, ಸಾಂಬ್ರಾಣಿ ಹೊಗೆ ಹಿಡಿಯೋದು, ದೃಷ್ಟಿಬೊಟ್ಟು ಇಡೋದು, ಜೋಲಿಗೆ ಹಾಕೋದು, ಒಂದೂ ಬಿಡಲಿಲ್ಲ.

ಎರಡನೇ ದಿನ ರಾಚ ಕೋಳಿ ಕೂಗೋ ಹೊತ್ತಿಗೇ ಕ್ಯಾಂಪಿಗೆ ಹೋದ. ಕಾಲು ನೀಡಿ ಕೂತ. ಕೋವೀನ ಕಾಲ ಮೇಲೆ ಮಲಗಿಸಿದ. ಹರಳೆಣ್ಣೆ ಹಚ್ಚಿದ, ತಿಕ್ಕಿದ, ಎರಡು ಹಂಡೆ ಬಿಸಿನೀರು ಹುಯ್ದ. "ಇದು ಯಾಕೆ ಅಳಾಕಿಲ್ಲ? ಬಲು ಸಾಧು ಕೂಸು!" ಅಂದ. ಸಾಂಬ್ರಾಣಿ ಹೊಗೆ ಹಿಡಿದ. ಹಿಡಿಗೆ ಕಾಡಿಗೆ ಬೊಟ್ಟಿಟ್ಟ. ಅವ್ವನ ಹಳೇ ಸೀರೆ ತಂದು ಜೀಪಿನ ಮೇಲಿನ ಕಂಬಿಗೆ ಜೋಲಿ ಕಟ್ಟಿ ಅದರೊಳಗೆ ಮಲಗಿಸಿದ.

ಹೊರಟ್ರು. ಬಿದಿರು ಮೆಳೆ ಹತ್ರ ಬರೋದಕ್ಕೂ ಒಂಟಿ ಸಲಗ ಒಂದು ದಾರಿಗಡ್ಡ ಬರೋದಕ್ಕೂ ಸರಿಹೋಯ್ತು. ಕಿವಿ ಬೀಸ್ತು. ಸೊಂಡಿಲು ಎತ್ತಿತು.

"ರಾಚ, ಕೋವಿ ಕೊಡೋ! ಬೇಗ!"

ರಾಚ ತುಟಿ ಮೇಲೆ ಬೆರಳಿಟ್ಟ. "ಮೆತ್ತಗೆ ಸ್ವಾಮಿ, ಮೆತ್ತಗೆ! ಈಗ ತಾನೇ ಕಣ್ಣು ಮುಚ್ಚಿದೆ!"

"ಯಾರೋ ಕಣ್ಣು ಮುಚ್ಚಿದ್ದು?"

"ಕೋವಿ ಸ್ವಾಮಿ! ಎಚ್ಚರ ಆದ್ರೆ ಹಟ ಮಾಡ್ತದೆ!"

ಇನಾಯತ್ ಇನ್ನೇನು ಮಾಡ್ತಾನೆ? ಹಿಂದಿನ ಗೇರು ಹಾಕಿ ಅರ್ಧ ಮೈಲಿ ಹಿಂದಕ್ಕೇ ಓಡಿಸಿದ. ಸಲಗ ಅಷ್ಟು ದೂರ ಅಟ್ಟಿಸ್ಕೊಂಡು ಬಂದು, ಸಾಕಾಗಿ ನಿಂತಿತು. ಅಷ್ಟು ದೂರವೂ ರಾಚ ಜೋಲಿ ತೂಗ್ತಾನೇ ಇದ್ದ.

ಕ್ಯಾಂಪಿಗೆ ಬಂದು ರೇಂಜರ್ ಕೋವಿ ತಲೆಕೆಳಗೆ ಮಾಡಿದ್ರೆ ಒಂದು ಚೆಂಬು ನೀರು ಸುರೀತು. "ಎಂಥಾ ಪೆದ್ದ ಗಂಟುಬಿದ್ದನಪ್ಪಾ ನಂಗೆ! ಕೂಸೂ ಇಲ್ಲ, ಜೋಲೀನೂ ಇಲ್ಲ! ಜೀಪಲ್ಲಿ ಕೋವಿ ಅಲ್ಲಾಡದಂಗೆ ಬಿಗಿಯಾಗಿ ಕಟ್ಟಬೇಕು! ಯಾರು ಎಳೆದ್ರೂ ಬರಬಾರದು! ತಿಳೀತಾ?"

"ತಿಳೀತು ಸ್ವಾಮಿ. ನೀವು ಎಳೆದ್ರೆ?"

"ಯಾರು ಎಳೆದ್ರೂ ಅಂದ್ನಲ್ಲೋ!"

ಮೂರನೇ ದಿನ ರಾಚ ಮನೆಯಿಂದ ತೊಗಲಿನ ಮಿಣಿ ತಂದ. ನೊಗಕ್ಕೆ ಬಿಗೀತಾರಲ್ಲ, ಅದೇ ಮಿಣಿ. ರಾತ್ರಿಯೆಲ್ಲ ನೆನೆಹಾಕಿದ್ದ. ಕೋವೀನ ಇನಾಯತ್‌ನ ಸೀಟಿನ ಬೆನ್ನಿಗೆ ಆನಿಸಿ ಹಸಿ ಮಿಣಿಯಲ್ಲಿ ಸುತ್ತಿ ಸುತ್ತಿ, ಕಾಲು ಕೊಟ್ಟು ಜಗ್ಗಿ ಗಂಟು ಹಾಕಿದ. ಒಂದು ಗಂಟಲ್ಲ, ಹದಿನೆಂಟು ಗಂಟು. ಆಮೇಲೆ ಜೀಪನ್ನ ಬಿಸಿಲಿಗೆ ನಿಲ್ಲಿಸಿದ. ಬಿಸಿಲು ಏರಿದಂಗೆ ಮಿಣಿ ಒಣಗ್ತು, ಒಣಗಿದಂಗೆ ಬಿಗೀತು, ಬಿಗಿದು ಕಬ್ಬಿಣ ಆಯ್ತು.

ಅವತ್ತು ಸದ್ಯ ಆನೆ ಬರಲಿಲ್ಲ. ಬರೀ ಸಂಜೆ ಬಂತು. ಸಂಜೆಗೆ ಕೋವಿ ಆಫೀಸಿನೊಳಗೆ ಬೀಗದಲ್ಲಿ ಇರಬೇಕು, ಅದು ಕಾನೂನು. ರೇಂಜರ್ ಎಳೆದ್ರು, ಬರಲಿಲ್ಲ. ಇನಾಯತ್ ಎಳೆದ, ಬರಲಿಲ್ಲ. ಇಬ್ಬರೂ ಸೇರಿ ಎಳೆದ್ರು, ಜೀಪೇ ಅಲ್ಲಾಡ್ತು. ಕತ್ತಿ ಹಾಕಿದ್ರು, ಕತ್ತಿ ಬಾಯಿ ಹೋಯ್ತು. ರಾಚ ಪಕ್ಕದಲ್ಲಿ ನಿಂತು ಹಿಗ್ಗಿದ್ದೇ ಹಿಗ್ಗಿದ್ದು. "ಬರಾಕಿಲ್ಲ ಸ್ವಾಮಿ! ಯಾರು ಎಳೆದ್ರೂ ಬರಾಕಿಲ್ಲ!"

ಕೊನೆಗೆ ಸೀಟಿನ ಬೋಲ್ಟು ಬಿಚ್ಚಿ, ಸೀಟು ಸಮೇತ ಕೋವೀನ ಹೊತ್ಕೊಂಡು ಹೋಗಿ ಆಫೀಸಲ್ಲಿಟ್ಟು ಬೀಗ ಹಾಕಿದ್ರು. ಇನಾಯತ್ ಸಾಬಿ ಸೀಮೆಎಣ್ಣೆ ಡಬ್ಬ ಬೋರಲು ಹಾಕ್ಕೊಂಡು ಅದರ ಮೇಲೆ ಕೂತು ಜೀಪು ಓಡಿಸಿದ. "ಅರೆ ರಾಚಣ್ಣ, ನಾಳೆ ನನ್ನೇ ಕಟ್ಟಿಹಾಕ್ತೀಯ ನೀನು!" ಅಂದ.

ರೇಂಜರ್ ಮತ್ತೆ ಕಿರುಚಿದ್ರು: "ಲೋ, ಕೋವಿ ಇರೋದೇ ಬೇಕಾದಾಗ ಸಿಗೋಕೆ ಕಣೋ! ಕೈ ಚಾಚಿದ್ರೆ ಸಾಕು, ಕೈಗೆ ಬಂದಿರಬೇಕು! ಯಾಕೆ ಅಂತ ಕೇಳಂಗಿಲ್ಲ! ನಾಲ್ಕೇ ದಿನ ಉಳಿದಿರೋದು ನಿಂಗೆ, ನೆನಪಿರಲಿ!"

ಚಿಕ್ಕತಾಯಮ್ಮ ಅವತ್ತು ಉಣ್ಣಲಿಲ್ಲ. "ಮೂರು ದಿನಕ್ಕೆ ಮೂರು ಎಡವಟ್ಟು! ಮಾದಪ್ಪಾ, ಇದೊಂದು ಕೆಲ್ಸ ಕೈಬಿಟ್ರೆ ನನ್ನ ಮಗನ್ನ ಯಾರಪ್ಪ ಸೇರಿಸ್ತಾರೆ?" ಅಂತ ಗೋಡೆಗೆ ಒರಗಿ ಕಣ್ಣೀರು ಹಾಕಿದಳು. ರಾಚ ಪಕ್ಕ ಬಂದು ಕೂತ. "ಅಳಬ್ಯಾಡ ಕಣವ್ವ. ನಾಳೆ ಕೈ ಚಾಚಿದ್ರೆ ಸಾಕು, ಕೊಟ್ಟೇಬುಡ್ತೀನಿ" ಅಂದ.

ನಾಲ್ಕನೇ ದಿನ ಬೆಳಗ್ಗೆ ಮಿಣಿಗೆ ನೀರು ಹುಯ್ದು ನೆನೆಸಿ ಕೋವಿ ಬಿಡಿಸಿದ್ರು. ಅವತ್ತು ಕಾಡೊಳಗೆ ಒಬ್ಬ ಕಳ್ಳ ಸಿಕ್ಕಿಬಿದ್ದ. ಕಡವೆಗೆ ಉರುಳು ಹಾಕ್ತಾ ಇದ್ದೋನು, ಗುಡ್ಡದ ಆಚೆ ಊರೋನು. ಇನಾಯತ್ ಹಗ್ಗ ತಂದ. ರೇಂಜರ್ ಗದರಿದ್ರು: "ಚಾಚೋ ಕೈಯ!"

ಕಳ್ಳ ಎರಡೂ ಕೈ ಚಾಚಿದ.

ರಾಚ ಕಾಯ್ತಾನೇ ಇದ್ದ. ಚಾಚಿದ್ದೇ ತಡ, ಕೋವಿ ತಂದು ಕಳ್ಳನ ಎರಡೂ ಕೈ ಮೇಲೆ ಇಟ್ಟುಬಿಟ್ಟ! ಇಟ್ಟು ರೇಂಜರ ಕಡೆ ನೋಡಿ ಹಲ್ಲು ಬಿಟ್ಟ. ಹೆಂಗೆ, ಇವತ್ತು ತಡ ಆಯ್ತಾ?

ರೇಂಜರ್ ಕಲ್ಲಾದ್ರು. ಇನಾಯತ್ ಜೀಪಿನ ಕೆಳಗೆ ತೂರಿದ. ಕಳ್ಳ ಕೋವಿ ನೋಡಿದ, ರೇಂಜರನ್ನ ನೋಡಿದ, ಗಡಗಡ ನಡುಗಿದ. "ಅಯ್ಯೋ ಬುದ್ಧಿ, ನಾನು ಬರೀ ಉರುಳು ಹಾಕಿದ್ದು! ಕೋವಿ ಕೇಸು ಯಾಕೆ ಹಾಕ್ತೀರಿ? ನಿಮ್ಮ ಸಾಮಾನು ನೀವೇ ತಕ್ಕಳಿ!" ಅಂತ ಕೋವಿ ವಾಪಸ್ಸು ಕೊಟ್ಟು, ತಾನೇ ಹೋಗಿ ಜೀಪಲ್ಲಿ ಕೂತ.

ಅವತ್ತು ರೇಂಜರ್ ಬೈಯಲೂ ಇಲ್ಲ. ಕೈ ಮುಗಿದ್ರು. "ರಾಚಪ್ಪಾ, ನಾಳೆ ಮೈಸೂರಿಂದ ದೊಡ್ಡ ಸಾಹೇಬರು ಬರ್ತಾರೆ. ನಿನ್ನ ಕೆಲಸದ ಮಾತಿರಲಿ, ನನ್ನ ಕೆಲಸ ಉಳಿಸು. ಯಾರಿಗೂ ಕೋವಿ ಕೊಡಬೇಡ. ಮೂತಿ ಮೇಲೆ ಮಾಡಿ ನೆಟ್ಟಗೆ ನಿಲ್ಲಿಸ್ಕೊಂಡು ನಿಂತಿರು. ಬೇರೆ ಏನೂ ನೋಡಬೇಡ. ಜೀಪು ಹೋದ್ರೆ ಹೋಗಲಿ, ಕೋವಿ ಮಾತ್ರ ಬೀಳಬಾರದು!"

"ಬೀಳಾಕಿಲ್ಲ ಸ್ವಾಮಿ" ಅಂದ ರಾಚ.

ಐದನೇ ದಿನ ದೊಡ್ಡ ಸಾಹೇಬರು ಬಂದ್ರು. ಕಾಡೆಲ್ಲ ಸುತ್ತಿದ್ರು. ಕೆರೆ ಏರಿ ಮೇಲೆ ಹುಲಿ ಹೆಜ್ಜೆ ಕಂಡಿತು. ಇನಾಯತ್ ಇಳಿಜಾರಲ್ಲೇ ಜೀಪು ನಿಲ್ಲಿಸಿದ. ಕೈಬ್ರೇಕು ಸತ್ತು ವರ್ಷ ಆಗಿತ್ತು. ಒಂದು ಚಪ್ಪಟೆ ಕಲ್ಲು ಹುಡುಕಿ ಚಕ್ರಕ್ಕೆ ಕೊಟ್ಟ. ಮೂವರೂ ಹೆಜ್ಜೆ ಹಿಡಿದು ಮುಂದೆ ಹೋದ್ರು.

ರಾಚ ಕೋವಿ ಇಳಿಸ್ಕೊಂಡು ನಿಂತ. ಮೂತಿ ಮೇಲೆ, ಹಿಡಿ ಕೆಳಗೆ. ನೆಲ ಎಲ್ಲಿ ನೋಡಿದ್ರೂ ಕೆಸರು. ಕೋವಿ ಹಿಡಿ ಇಟ್ಟ ಕಡೆಯೆಲ್ಲ ಜಾರ್ತದೆ, ಹೂತ್ಕೋತದೆ. ಬಿದ್ದುಗಿದ್ದೀತು! ಒಂದು ಚಪ್ಪಟೆ ಕಲ್ಲು ಸಿಕ್ಕಿದ್ರೆ? ಆ ಕಡೆ ನೋಡಿದ, ಈ ಕಡೆ ನೋಡಿದ. ಇತ್ತಲ್ಲ, ಚಕ್ರದ ಕೆಳಗೇ ಇತ್ತಲ್ಲ, ಮಣೆಯಂಥ ಕಲ್ಲು!

ರಾಚ ಕಲ್ಲು ನೋಡಿದ. ಜೀಪು ನೋಡಿದ. ಕೆರೆ ನೋಡಿದ. "ಈ ಕಲ್ಲು ತೆಗೆದ್ರೆ ಜೀಪು ಹೋಗ್ತದಾ? ಹೋಗಾಕಿಲ್ವಾ? ಹೋದ್ರೆ ಎಷ್ಟು ದೂರ ಹೋದೀತು?" ತಿಳ್ಕೊಳ್ಳೋ ಆಸೆ ತಡೆಯೋಕಾಗಲಿಲ್ಲ. ಹೆಂಗೂ ರೇಂಜರ್ ಹೇಳವ್ರೆ, ಜೀಪು ಹೋದ್ರೆ ಹೋಗಲಿ. ತೆಗೆದ.

ಹೋಯ್ತು! ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಆಮೇಲೆ ದುಡುಂ ಅಂತ ಕೆರೆಯೊಳಕ್ಕೆ! ಸಾಹೇಬರ ಬುತ್ತಿ ಕ್ಯಾರಿಯರ್ರು ಮೇಲೆ ತೇಲಿ ಬಂತು. ಆಚೆ ದಡದಲ್ಲಿ ನೀರು ಕುಡೀತಿದ್ದ ಆನೆ ಮಂದೆ ಕಿವಿ ನಿಮಿರಿಸಿ, ಇದ್ಯಾವ ಪ್ರಾಣಿ ಸ್ನಾನಕ್ಕೆ ಬಂತು ಅಂತ ನೋಡ್ತು.

ಸದ್ದು ಕೇಳಿ ಮೂವರೂ ಓಡಿ ಬಂದ್ರು. ಕಲ್ಲಿನ ಮೇಲೆ ಕೋವಿ ನೆಟ್ಟಗೆ ನಿಂತಿತ್ತು, ಕೋವಿ ಪಕ್ಕ ರಾಚ ನೆಟ್ಟಗೆ ನಿಂತಿದ್ದ.

"ಸ್ವಾಮಿ! ಜೀಪು ಹೋಯ್ತು! ಕೋವಿ ಬಿದ್ದಿಲ್ಲ!"

ರೇಂಜರ್ ಅಲ್ಲೇ ಕೆಸರಲ್ಲಿ ಕೂತುಬಿಟ್ರು. ದೊಡ್ಡ ಸಾಹೇಬರು ಕೇಳಿದ್ರು: "ಯಾಕಪ್ಪ ಹಿಂಗೆ ಮಾಡಿದೆ?"

ರಾಚ ಮೊದಲನೇ ದಿನದಿಂದ ಒಂದೊಂದೇ ಹೇಳಿದ. ಹಾಕು ಅಂದ್ರು, ಹಾಕಿದೆ. ಹಸುಗೂಸು ಅಂದ್ರು, ಮೀಯಿಸಿದೆ. ಕಟ್ಟು ಅಂದ್ರು, ಕಟ್ಟಿದೆ. ಕೈ ಚಾಚಿದ್ರೆ ಕೊಡು ಅಂದ್ರು, ಕೊಟ್ಟೆ. ಜೀಪು ಹೋದ್ರೆ ಹೋಗಲಿ ಅಂದ್ರು, ಕಳಿಸಿದೆ.

"ಇದೆಲ್ಲ ನೀವೇ ಹೇಳಿದ್ದಾ ಬೋಪಣ್ಣ?"

"ಹೌದು ಸಾರ್" ಅಂದ್ರು ರೇಂಜರ್, ತಲೆ ತಗ್ಗಿಸಿ.

ಸಾಹೇಬರು ನಗು ತಡೆಯೋಕಾಗದೆ ಹೊಟ್ಟೆ ಹಿಡ್ಕೊಂಡ್ರು. "ಇಪ್ಪತ್ತು ವರ್ಷ ಆಯ್ತು ರೀ ನನ್ನ ಸರ್ವೀಸು! ಹೇಳಿದ್ದನ್ನ ಹೇಳಿದಂಗೆ ಮಾಡಿದೋನು ಇವನೊಬ್ಬನೇ! ಬಿಡಬೇಡಿ ಇವನನ್ನ, ಇಟ್ಕೊಳ್ಳಿ. ಬಾಯಿ ಬಿಡೋಕೆ ಮುಂಚೆ ಮಾತ್ರ ಹತ್ತು ಸಲ ಯೋಚನೆ ಮಾಡಿ!"

ಯೋಚನೆ ಎಲ್ಲಿಂದ ಬರಬೇಕು? ತಮ್ಮ ಕೆಲಸ ಉಳೀತಲ್ಲ ಅನ್ನೋ ಖುಷಿಯಲ್ಲಿ ರೇಂಜರ್ ಎದ್ದು ಕೂಗಿಯೇಬಿಟ್ರು: "ಕೇಳಿದ್ಯೇನೋ ರಾಚ? ನಿನ್ನ ಕೆಲಸ ಗಟ್ಟಿ! ಓಡ್ತಾ ಹೋಗಿ ನಿಮ್ಮವ್ವಂಗೆ ಹೇಳೋ!"

ಕೋವಿ ಅವರ ಕೈಗೆ ಕೊಟ್ಟ, ಓಡಿದ. ಹಳ್ಳ ದಾಟಿ ಓಡಿದ, ಹೊಲ ದಾಟಿ ಓಡಿದ. ಮನೆ ಬಂತು. ಮನೆಗೆ ಬೀಗ! ಅವ್ವ ರಾಗಿ ಬೀಸಿಸೋಕೆ ಗಿರಣಿಗೆ ಹೋಗಿದ್ದಳು. ಈಗ ನಿಲ್ಲೋ ಹಂಗಿದೆಯೇ? ಓಡ್ತಾ ಹೇಳಬೇಕು. ಮನೆ ಸುತ್ತ ಓಡೋಕೆ ಶುರು ಮಾಡಿದ. ಒಂದು ಸುತ್ತು, ಹತ್ತು ಸುತ್ತು, ನಲವತ್ತು ಸುತ್ತು. ಊರೋರು ಬಂದು ಜಗಲಿ ಮೇಲೆ ಕೂತು ಎಣಿಸಿದ್ರು.

ಚಿಕ್ಕತಾಯಮ್ಮ ಹಿಟ್ಟಿನ ಪುಟ್ಟಿ ತಲೆ ಮೇಲೆ ಹೊತ್ಕೊಂಡು ಬಂದಳು. ಮಗನ್ನ ನೋಡಿ ಎದೆ ಧಸಕ್ ಅಂತು. "ಹೋಯ್ತಾ ಕೆಲ್ಸ? ಐದೇ ದಿನಕ್ಕೆ ಓಡಿಸಿಬುಟ್ರಾ? ನಿಲ್ಲಾ, ಏನಾಯ್ತು ಹೇಳ್ಲಾ!"

"ನಿಂತು ಹೇಳಂಗಿಲ್ಲ ಕಣವ್ವ! ಓಡ್ತಾ ಹೇಳು ಅಂದವ್ರೆ! ನೀನೂ ಓಡು, ಹೇಳ್ತೀನಿ!"

ಏನು ಮಾಡ್ತಾಳೆ ಹೆತ್ತವಳು? ಸೆರಗು ಸೊಂಟಕ್ಕೆ ಸಿಕ್ಕಿಸಿ, ಪುಟ್ಟಿ ಒಂದು ಕೈಲಿ ಹಿಡಿದು, ಮಗನ ಪಕ್ಕ ಓಡಿದಳು. ಏದುಸಿರು ಬಿಡ್ತಾ ರಾಚ ಹೇಳಿದ: "ಕೆಲ್ಸ... ಗಟ್ಟಿ... ಆಯ್ತು... ಕಣವ್ವ!"

ಹೇಳಿದ ಮೇಲೆ ಅವನೇನೋ ನಿಂತ. ನಿಲ್ಲದೆ ಓಡಿದೋಳು ಚಿಕ್ಕತಾಯಮ್ಮ! ಹಿಟ್ಟು ಚೆಲ್ಲಿ ಮೈಯೆಲ್ಲ ಬೆಳ್ಳಗಾಗಿ, ಅಳ್ತಾ ನಗ್ತಾ, ಇನ್ನೂ ಮೂರು ಸುತ್ತು ಓಡಿದಳು.

"ಅವ್ವ, ಹೇಳಿದ್ದು ಮುಗೀತಲ್ಲ, ಇನ್ನೂ ಯಾಕೆ ಓಡ್ತಿದ್ದೀಯೆ?" ಅಂತ ರಾಚ ಸೋಜಿಗಪಟ್ಟು ಕೇಳಿದ. ಅವಳು ಪುಟ್ಟಿ ಕೆಳಗಿಟ್ಟು, "ಗೊತ್ತಿಲ್ಲ ಕಣ್ಲಾ ಪೆದ್ದ" ಅಂದಳು.