ಒಡೆಯದ ಅಚ್ಚಿನ ಅಮ್ಮ

ಯಾವ ಯುಗವೆಂಬುದರಲ್ಲಿ ಅರ್ಚಕರಿಗೆ ಇನ್ನೂ ಒಮ್ಮತವಿಲ್ಲದ ಒಂದು ಯುಗದಲ್ಲಿ, ಕಂಚುಗಾರರ ಊರಾದ ಈ ಎರಕನೂರಿಗೆ ಸಿಡುಬು ಬಂದು, ಮೂರು ತಿಂಗಳಿದ್ದು, ಬೇಕಾದವರನ್ನು ಆರಿಸಿಕೊಂಡು ಹೊರಟುಹೋಯಿತು. ಹೋದವರಲ್ಲಿ ಎರಕದ ಬೈರೋಜನ ಐದು ವರ್ಷದ ಮಗಳು ಚೆನ್ನಿಯೂ ಇದ್ದಳು. ರೋಗ ಕಳಿಸಿದವಳೂ ಕಾಯುವವಳೂ ಅಮ್ಮನೇ ಆದ್ದರಿಂದ, ಉಳಿದವರು ಅವಳಿಗೊಂದು ಕಂಚಿನ ಮೂರ್ತಿಯ ಹರಕೆ ಹೊತ್ತು, ಮನೆಗೊಂದರಂತೆ ತಂಬಿಗೆ, ತಟ್ಟೆ, ದೀಪ ತಂದುಕೊಟ್ಟರು. ಉಣ್ಣುವವರು ಹೇಗೂ ಕಡಿಮೆಯಾಗಿದ್ದರು.

ಎರಕದ ಕ್ರಮ ಇಂದಿಗೂ ಅದೇ. ಮೊದಲು ಮೇಣದ ಮೂರ್ತಿ ಮಾಡಿ ತೂಗಬೇಕು. ಒಂದು ತೂಕ ಮೇಣಕ್ಕೆ ಎಂಟು ತೂಕ ಕಂಚು ತೆಗೆದಿಡಬೇಕು. ಮೇಣದ ಮೇಲೆ ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿ ಬರಿದಾದ ಅಚ್ಚಿಗೆ ಕಂಚು ಹೊಯ್ಯಬೇಕು. ತೂಗಿದ ಮೇಲೆ ಮೇಣಕ್ಕೆ ಉಗುರಷ್ಟೂ ಸೇರಿಸಕೂಡದು. ಇದು ಬೈರೋಜನೇ ಊರಿಗೆ ಕಲಿಸಿದ ಪಾಠ. ತೂಗಿದ ಮೇಲೆ, ಯಾರಿಗೂ ಹೇಳದೆ, ಅವನು ಅಮ್ಮನ ಸೊಂಟದ ಮೇಲೆ ಒಂದು ಮೇಣದ ಮಗುವನ್ನು ಕೂರಿಸಿದನು.

ಹೊಯ್ದಾಗ ಕಂಚು ಅಚ್ಚಿನ ಬಾಯಿಯವರೆಗೆ ಏರಲಿಲ್ಲ. ಕಂಚು ಕರಗಿಸಿದ ಮೂಸೆ ಬರಿದಾಗಿತ್ತು. ಕುಲುಮೆಗೆ ಗಾಳಿಯೂದುವ ತಿದಿ ಒತ್ತುತ್ತಿದ್ದ ಹೆಂಡತಿ ಹೊನ್ನವ್ವ ಕೇಳಿದಳು:

"ತೂಕ ನೀವೇ ನೋಡಿದ್ರಲ್ಲ. ಕಂಚು ಎಲ್ಲಿ ಹೋಯ್ತು?"

"ಚೆನ್ನೀನ ಕೂರಿಸಿದೀನಿ. ಅಮ್ಮನ ಸೊಂಟದ ಮೇಲೆ."

ಹೊನ್ನವ್ವ ತಿದಿ ಬಿಟ್ಟು ಅಚ್ಚಿನ ಹತ್ತಿರ ಬಂದಳು. "ಅವಳಿಗೆ ಕಂಚು ತುಂಬಿದೆಯಾ?"

"ಒಡೆದರೆ ಗೊತ್ತಾಗುತ್ತೆ."

"ಹಾಗಾದ್ರೆ ಒಡೀಬೇಡಿ."

ಮರುದಿನ ಊರು ನೆರೆಯಿತು. ಎಲ್ಲರಿಗಿಂತ ದೊಡ್ಡ ಹಂಡೆ ಕೊಟ್ಟಿದ್ದ ಗೌಡನು, "ಎತ್ತಯ್ಯ ಓಜ ಸುತ್ತಿಗೇನ. ನಮ್ಮ ಹಂಡೆ ಯಾವ ಅವತಾರ ಎತ್ತಿದೆಯೋ ನೋಡೋಣ" ಎಂದನು. ಬೈರೋಜ ಸುತ್ತಿಗೆ ಎತ್ತಿದನು. ಆಗ ಅಶರೀರವಾಣಿಯಾಯಿತು: "ಒಡೆಯಬೇಡ. ನಾವಿಬ್ಬರೂ ಒಳಗೇ ಇರುತ್ತೇವೆ."

ವಾಣಿಯು ಕುಲುಮೆಯ ಹಿಂದಿನಿಂದ, ತಿದಿಯಿದ್ದ ಕಡೆಯಿಂದ ಬಂದಿತ್ತು. ಆ ದನಿಯನ್ನು ಊರೆಲ್ಲ ಗುರುತಿಸಿತು. ಇಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಪ್ರತಿ ಮನೆಗೂ ತನ್ನದೊಂದು ಹೆಸರಿತ್ತು. ಮೊದಲು ಅಡ್ಡಬಿದ್ದವನು ಗೌಡನೇ. ಅವನ ಮನೆಯಿಂದ ಇಬ್ಬರು ಹೋಗಿದ್ದರು.

ಆ ಅಚ್ಚೇ ಇಂದಿನ ಅಚ್ಚಿನಮ್ಮ. ವರ್ಷಕ್ಕೊಮ್ಮೆ, ಕಾರಹುಣ್ಣಿಮೆಯ ಮರುದಿನ, ಮನೆಗೊಂದು ಹಿಡಿ ಹಸಿಮಣ್ಣು ಮೆತ್ತುವುದರಿಂದ ಆಳೆತ್ತರ ಮೀರಿ ಬೆಳೆದಿದ್ದಾಳೆ. ಸುತ್ತಲಿನ ಗುಡಿಗಳಿಗೆಲ್ಲ ಗಂಟೆ ಹೊಯ್ದುಕೊಡುವ ಈ ಊರಿನ ಗುಡಿಯಲ್ಲಿ ಗಂಟೆಯಿಲ್ಲವೆಂಬುದನ್ನು ಭಕ್ತಾದಿಗಳು ಗಮನಿಸಬೇಕು. ಬಡಿದು ಕೇಳಿದರೆ ಎರಕ ತುಂಬಿದೆಯೋ ಇಲ್ಲವೋ ಎಂಬುದು ಇಲ್ಲಿ ಎಂಥವನಿಗೂ ತಿಳಿಯುತ್ತದೆ. ಆದ್ದರಿಂದ ಈ ಆವರಣದಲ್ಲಿ ಏನನ್ನೂ ಬಡಿಯುವ ಪದ್ಧತಿಯಿಲ್ಲ.

ಮಕ್ಕಳನ್ನು ಕಳೆದುಕೊಂಡವರು ಮಾತ್ರ ಮಣ್ಣಿನ ಮೇಲೆ ಅಂಗೈಯಿಟ್ಟು ನಿಲ್ಲುತ್ತಾರೆ. ಬೆಚ್ಚಗಿದೆ ಎನ್ನುತ್ತಾರೆ. ಮಧ್ಯಾಹ್ನವಿಡೀ ಬಿಸಿಲು ಬೀಳುವ ಜಾಗ ಅದು. ಆದರೂ ಅವರು ಬೆಳಗ್ಗೆಯೇ ಬರುತ್ತಾರೆ.